ಕೈಗೆ ಗಾಳಿ ತಾಗಿದರೂ ಉರಿ. ಈ ಮಳೆಗಾಲ ಹೇಗೆ ಕಳೆಯುವುದು?

ನಾಪೋಕ್ಲು ಕಡೆಯವಳು
ಮೇ 24

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಉದ್ದ ಆದರೆ ಬೇಸರ ಮಾಡಿಕೊಳ್ಳಬೇಡಿ.

ಹೋದ ವರ್ಷ ಆಗಸ್ಟ್‌ನಲ್ಲಿ ಅಂಗಳದ ಪಾಚಿ ಮೇಲೆ ಜಾರಿ ಬಿದ್ದೆ. ಎಡಗೈ ಮಣಿಕಟ್ಟಿನ ಹತ್ತಿರ ಮೂಳೆ ಮುರಿಯಿತು. ಆರು ವಾರ ಪ್ಲಾಸ್ಟರ್ ಹಾಕಿದ್ದರು. ಬಿಚ್ಚಿದ ಮೇಲೆ ಎಕ್ಸ್‌ರೇ ನೋಡಿ, ಮೂಳೆ ಚೆನ್ನಾಗಿ ಕೂಡಿದೆ, ಇನ್ನು ಕೆಲಸ ಮಾಡಬಹುದು ಅಂದರು. ಆದರೆ ನೋವು ಹೋಗಲಿಲ್ಲ. ಬೇರೆ ಥರದ ನೋವು ಶುರುವಾಯಿತು.

ಇದು ಉರಿ. ಗಾಂಧಾರಿ ಮೆಣಸು ಅರೆದ ಮೇಲೆ ಕೈ ಉರಿಯುತ್ತದಲ್ವಾ, ಹಾಗೆ, ಆದರೆ ಎಷ್ಟು ತೊಳೆದರೂ ಹೋಗದ್ದು. ರಾತ್ರಿ ಚಾದರದ ಅಂಚು ತಾಗಿದರೆ ಎಚ್ಚರ ಆಗುತ್ತದೆ. ಕಿಟಕಿಯಿಂದ ಗಾಳಿ ಬೀಸಿದರೆ ಸೂಜಿ ಚುಚ್ಚಿದ ಹಾಗೆ. ತಣ್ಣಗಿರುವ ಸ್ಟೀಲ್ ಲೋಟ ಹಿಡಿಯಲು ಆಗುವುದಿಲ್ಲ, ಅದರಲ್ಲಿ ಬಿಸಿ ಕಾಫಿ ಹಾಕಿ ಕೊಟ್ಟರೂ ಆಗುವುದಿಲ್ಲ. ಕೈ ಒಮ್ಮೆ ಕೆಂಪಗೆ ಊದಿಕೊಳ್ಳುತ್ತದೆ, ಒಮ್ಮೆ ನೇರಳೆ ಬಣ್ಣಕ್ಕೆ ತಿರುಗಿ ಮಂಜುಗಡ್ಡೆ ಹಾಗೆ ಆಗುತ್ತದೆ. ಅಂಗೈ ಸುಮ್ನೆ ಬೆವರುತ್ತದೆ. ಆ ಕೈಯ ಉಗುರು ಕೂಡ ಬೇರೆ ಥರ ಬೆಳೆಯುತ್ತಿದೆ.

ಮೊದಲು ತೋರಿಸಿದ ಕಡೆ, ಇದೆಲ್ಲ ನಿಮ್ಮ ಮನಸ್ಸಿನಲ್ಲಿ ಇರುವುದು ಅಂದರು. ಅಲ್ಲಿಂದ ಬಂದು ಬಸ್ಸಿನಲ್ಲಿ ಅತ್ತೆ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಅವರೇ ಒಬ್ಬ ನಾಟಿ ವೈದ್ಯರ ಹತ್ತಿರ ಕರೆದುಕೊಂಡು ಹೋದರು. ಅವರು ಎಣ್ಣೆ ಹಾಕಿ ಬೆರಳು ಬೆರಳು ಎಳೆದು ತಿಕ್ಕಿದರು. ಆ ರಾತ್ರಿ ನಾನು ಹೇಗೆ ಕಳೆದೆ ಅಂತ ಬರೆಯಲು ಆಗುವುದಿಲ್ಲ. ಮೂರು ತಿಂಗಳ ಹಿಂದೆ ಮೈಸೂರಿನಲ್ಲಿ ಒಬ್ಬರು ಡಾಕ್ಟರ್ ಎರಡೂ ಕೈ ಮುಟ್ಟಿ ನೋಡಿ, ಇದು ಸಿಆರ್‌ಪಿಎಸ್ (ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್), ಪೆಟ್ಟು ವಾಸಿ ಆದ ಮೇಲೂ ಆ ಕೈ ಅಥವಾ ಕಾಲಿನಲ್ಲಿ ಉಳಿಯುವ ನೋವಿನ ಕಾಯಿಲೆ ಅಂತ ಬರೆದುಕೊಟ್ಟರು. ನರದ ನೋವಿಗೆ ಪ್ರೆಗಾಬಲಿನ್ ಗುಳಿಗೆ ಕೊಟ್ಟಿದ್ದಾರೆ, ಫಿಸಿಯೋಥೆರಪಿ ಮಾಡಿಸಿ ಅಂದಿದ್ದಾರೆ. ಗುಳಿಗೆ ತೆಗೆದುಕೊಂಡರೆ ತೂಕಡಿಕೆ. ಫಿಸಿಯೋಗೆ ವಾರಕ್ಕೆ ಮೂರು ದಿನ ಹೋಗಿ ಬರಲು ನಮ್ಮಿಂದ ಆಗಲಿಲ್ಲ. ಬಸ್ಸಿನ ನೂಕುನುಗ್ಗಲಿನಲ್ಲಿ ಯಾರದ್ದಾದರೂ ಮೊಣಕೈ ತಾಗಿದರೆ ಮುಗಿಯಿತು.

ಈಗ ಕೈಯನ್ನು ಉಲ್ಲನ್ ಶಾಲಿನಲ್ಲಿ ಸುತ್ತಿ ಎದೆಗೆ ಇಟ್ಟುಕೊಂಡೇ ಇರುತ್ತೇನೆ. ಹಾಗಿದ್ದರೆ ಸ್ವಲ್ಪ ನೆಮ್ಮದಿ.

ಇನ್ನು ಹತ್ತು ಹದಿನೈದು ದಿನದಲ್ಲಿ ಮಳೆ ಹಿಡಿಯುತ್ತದೆ. ನಮ್ಮ ಕಡೆ ಮಳೆ ಗೊತ್ತಲ್ಲ, ನಾಲ್ಕು ತಿಂಗಳು ಬಟ್ಟೆ ಒಣಗುವುದಿಲ್ಲ, ಕರೆಂಟು ಇರುವುದಿಲ್ಲ, ಗೋಡೆ ಮುಟ್ಟಿದರೂ ಥಂಡಿ. ಸ್ನಾನ, ಬಟ್ಟೆ, ನಿದ್ದೆ ಹೇಗೆ ಮಾಡಿಕೊಳ್ಳುವುದು? ಜೂನ್ ಮೊದಲ ವಾರ ಅಣ್ಣನ ಮನೆ ಗೃಹಪ್ರವೇಶ ಬೇರೆ ಇದೆ. ಬಂದವರೆಲ್ಲ ಕೈ ಹಿಡಿದೇ ಮಾತಾಡಿಸುವವರು. ಮುಟ್ಟಬೇಡಿ ಅಂತ ಹಿರಿಯರಿಗೆ ಹೇಗೆ ಹೇಳಲಿ? ಇದು ಜೀವನಪೂರ್ತಿ ಹೀಗೇ ಇರುತ್ತದಾ? ಯಾರಿಗಾದರೂ ಹೀಗೆ ಆಗಿದ್ದರೆ ದಯವಿಟ್ಟು ಬರೆಯಿರಿ.


ತೋಟದ ರೈಟರ್
ಮೇ 24

ಅಕ್ಕಾ, ನಿಮ್ಮದು ಓದಿ ಕಣ್ಣು ತುಂಬಿ ಬಂತು. ನನಗೆ ಆರು ವರ್ಷದಿಂದ ಬಲಗಾಲಿನ ಪಾದದಲ್ಲಿ ಇದೇ ಇದೆ. ಸುಂಟಿಕೊಪ್ಪ ಹತ್ತಿರ ತೋಟದಲ್ಲಿ ಕೆಲಸ. ಸಿಲ್ವರ್ ಓಕ್ ಕಡಿಸುವಾಗ ತುಂಡು ಉರುಳಿ ಪಾದದ ಮೇಲೆ ಬಿತ್ತು. ಮೂಳೆ ಕೂಡ ಮುರಿದಿರಲಿಲ್ಲ. ಅದಕ್ಕೇ ಯಾರೂ ನಂಬಲಿಲ್ಲ.

ನಿಮಗೆ ಹೆಸರು ಬರೆದುಕೊಟ್ಟಿದ್ದಾರಲ್ಲ, ಅದು ದೊಡ್ಡದು. ನನಗೆ ಅದಕ್ಕೇ ಎರಡು ವರ್ಷ ಹಿಡಿಯಿತು.

ಮೊದಲು ನಿದ್ದೆ ವಿಷಯ. ಕಂಬಳಿ ಪಾದಕ್ಕೆ ತಾಗಿದರೆ ನನಗೆ ಆಗುತ್ತಿರಲಿಲ್ಲ, ಹೊದೆಯದಿದ್ದರೆ ಥಂಡಿಗೆ ಪಾದ ಸುಟ್ಟ ಹಾಗೆ. ನನ್ನ ಹೆಂಡತಿ ಒಂದು ದಿನ ಕಾಫಿ ಕೊಯ್ಲಿನ ಹಳೆ ಬುಟ್ಟಿ ತಂದು ಒಂದು ಬದಿ ಕತ್ತರಿಸಿ ಪಾದದ ಮೇಲೆ ಗೂಡಿನ ಹಾಗೆ ಕವುಚಿ ಇಟ್ಟಳು. ಅದರ ಮೇಲೆ ಕಂಬಳಿ. ಒಳಗೆ ಪಾದಕ್ಕೆ ಏನೂ ತಾಗುವುದಿಲ್ಲ, ಮೈ ಬಿಸಿಯಿಂದ ಒಳಗೆ ಬೆಚ್ಚಗೇ ಇರುತ್ತದೆ. ಎಂಟು ತಿಂಗಳ ನಂತರ ಅವತ್ತು ಬೆಳಗಿನ ತನಕ ನಿದ್ದೆ ಮಾಡಿದೆ. ಕೈಗೂ ಹಾಗೆ ಮಾಡಬಹುದು. ಬುಟ್ಟಿ ಬೇಡ ಅಂದರೆ ರಟ್ಟಿನ ಡಬ್ಬ ಸಾಕು.

ಬಟ್ಟೆ ಹೊಸದು ಬೇಡ. ಹತ್ತಾರು ಸಲ ಒಗೆದು ಮೆತ್ತಗಾದ ಪಂಚೆ ಬಟ್ಟೆ ನೋಡಿ, ಅದರಷ್ಟು ಹಿತ ಇನ್ನೊಂದಿಲ್ಲ. ಕಾಲುಚೀಲ ನಾನು ಒಳಗಿನದು ಹೊರಗೆ ಮಾಡಿ ಹಾಕುತ್ತೇನೆ, ಹೊಲಿಗೆ ಚರ್ಮಕ್ಕೆ ತಾಗಬಾರದು ಅಂತ. ಒಂದು ದಪ್ಪ ಉಲ್ಲನ್‌ಗಿಂತ ಎರಡು ತೆಳು ಹತ್ತಿ ಬಟ್ಟೆ, ಸಡಿಲವಾಗಿ. ಮಳೆಗಾಲದಲ್ಲಿ ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಿದ ಬಟ್ಟೆ ಹೊಗೆ ವಾಸನೆ ಬಂದರೂ ಪರವಾಗಿಲ್ಲ, ಒದ್ದೆ ಅಂಶ ಮಾತ್ರ ಇರಬಾರದು.

ಸ್ನಾನಕ್ಕೆ ಹಂಡೆ ನೀರು ಎಷ್ಟು ಬಿಸಿ ಅಂತ ಯಾವಾಗಲೂ ಬಲಗೈಯಲ್ಲೇ ನೋಡಿ. ನೋವಿನ ಕೈ ಹೇಳುವ ಬಿಸಿ, ಥಂಡಿ ಎರಡನ್ನೂ ನಂಬಬೇಡಿ. ನಾನು ಕರೆಂಟು ಇಲ್ಲದ ಒಂದು ರಾತ್ರಿ ಥಂಡಿ ತಡೆಯಲಾರದೆ ಕೆಂಡದ ಹತ್ತಿರ ಪಾದ ಚಾಚಿ ಕೂತಿದ್ದೆ. ಬೆಳಿಗ್ಗೆ ನೋಡಿದರೆ ಬೊಬ್ಬೆ ಎದ್ದಿತ್ತು. ಉರಿ ಯಾವಾಗಲೂ ಇರುವುದರಿಂದ ನಿಜವಾಗಿ ಸುಡುತ್ತಿದೆ ಅಂತ ಗೊತ್ತೇ ಆಗಲಿಲ್ಲ.

ಇನ್ನೊಂದು, ಗುಳಿಗೆ ಒಂದೂವರೆ ತಿಂಗಳದ್ದು ಈಗಲೇ ತಂದಿಟ್ಟುಕೊಳ್ಳಿ. ಭಾಗಮಂಡಲ ನಾಪೋಕ್ಲು ರಸ್ತೆಗೆ ನೀರು ಬಂದರೆ ನಿಮಗೆ ಪೇಟೆ ಇಲ್ಲ. ಆ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಬಾರದು, ತುಂಬಾ ಕಷ್ಟ ಆಗುತ್ತದೆ. ತೂಕಡಿಕೆ ಜಾಸ್ತಿ ಇದ್ದರೆ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಡೋಸ್ ಬದಲಾಯಿಸಿ ಕೊಡುತ್ತಾರೆ. ನೀವೇ ಕಮ್ಮಿ ಮಾಡಬೇಡಿ.


ಸೋಮವಾರಪೇಟೆ ಮಳೆ
ಮೇ 25

ನಮ್ಮ ದೊಡ್ಡಪ್ಪನಿಗೆ ಕೈ ಮುರಿದು ಹೀಗೇ ನೋವು ಇತ್ತು. ಐಸ್ ಇಟ್ಟು, ಆಮೇಲೆ ಬಿಸಿ ಎಣ್ಣೆಯಲ್ಲಿ ಗಟ್ಟಿಯಾಗಿ ತಿಕ್ಕಿಸಿದ ಮೇಲೆ ಸರಿಹೋಯಿತು. ಸ್ವಲ್ಪ ನೋವು ತಡೆದುಕೊಳ್ಳಬೇಕು ಅಷ್ಟೇ. ಆಗಸ್ಟ್ ಶುರುವಿನಲ್ಲಿ ಬರುವ ನಮ್ಮ ಕಕ್ಕಡ ಹದಿನೆಂಟು ಹಬ್ಬಕ್ಕೆ ಮದ್ದು ಸೊಪ್ಪಿನ ಪಾಯಸ ಕುಡಿಯಿರಿ, ನರಕ್ಕೆ ಒಳ್ಳೆಯದು.


ತೋಟದ ರೈಟರ್
ಮೇ 25

ದಯವಿಟ್ಟು ಐಸ್ ಬೇಡ, ಗಟ್ಟಿ ತಿಕ್ಕುವುದೂ ಬೇಡ. ನಿಮ್ಮ ದೊಡ್ಡಪ್ಪನಿಗೆ ಇದ್ದದ್ದು ಬೇರೆ ನೋವು ಇರಬೇಕು. ಅವರಿಗೆ ವಾಸಿ ಆಗಿದ್ದು ಸಂತೋಷ. ಆದರೆ ಈ ಕಾಯಿಲೆಯಲ್ಲಿ ತಡೆದುಕೊಳ್ಳಿ ಅಂತ ಹೇಳಿ ಹೇಳಿಯೇ ನನ್ನ ಪಾದ ಒಂದು ವರ್ಷ ಹಾಳಾಯಿತು. ಪಾಯಸ ಖಂಡಿತ ಕುಡಿಯಲಿ, ನಾವೂ ಕುಡಿಯುತ್ತೇವೆ, ಅದು ನಮ್ಮ ಊರಿನ ಸಂಭ್ರಮ. ಗುಳಿಗೆ ಬದಲಿಗೆ ಮಾತ್ರ ಅಲ್ಲ.


ಕುಶಾಲನಗರ ಫಿಸಿಯೋ
ಮೇ 26

ನಾನು ಫಿಸಿಯೋಥೆರಪಿಸ್ಟ್. ಕೈ ನೋಡದೆ ಎಲ್ಲ ಹೇಳಲು ಆಗುವುದಿಲ್ಲ, ಆದರೂ ಬರೆಯಲೇಬೇಕು ಅನ್ನಿಸಿತು.

ನೀವು ಬರೆದ ಒಂದೊಂದು ಲಕ್ಷಣವೂ ಪಟ್ಟಿಯಲ್ಲಿ ಇರುವುದೇ. ಈ ಕಾಯಿಲೆಗೆ ಒಂದು ರಕ್ತ ಪರೀಕ್ಷೆ, ಒಂದು ಸ್ಕ್ಯಾನ್ ಅಂತ ಇಲ್ಲ. ನೋವು ಮತ್ತು ಸ್ಪರ್ಶ, ಚರ್ಮದ ಬಣ್ಣ ಮತ್ತು ಬಿಸಿ, ಊತ ಮತ್ತು ಬೆವರು, ಕೈಯ ಚಲನೆ ಮತ್ತು ಉಗುರು ಕೂದಲು, ಈ ನಾಲ್ಕು ಗುಂಪು ನೋಡಿ ಡಾಕ್ಟರ್ ನಿರ್ಧಾರ ಮಾಡುತ್ತಾರೆ. ಬುಡಾಪೆಸ್ಟ್ ಮಾನದಂಡ ಅಂತ ಹೇಳುತ್ತಾರೆ, 2003ರಲ್ಲಿ ಆ ಊರಿನಲ್ಲಿ ಸೇರಿ ಮಾಡಿದ್ದು. ಎರಡು ಕೈಗಳ ನಡುವೆ 1 ಡಿಗ್ರಿಗಿಂತ ಜಾಸ್ತಿ ಬಿಸಿ ವ್ಯತ್ಯಾಸ ಇದ್ದರೂ ಅದು ಲೆಕ್ಕಕ್ಕೆ ಬರುತ್ತದೆ. ನಿಮ್ಮ ಡಾಕ್ಟರ್ ಎರಡೂ ಕೈ ಮುಟ್ಟಿ ನೋಡಿದ್ದು ಅದಕ್ಕೇ. ಎಕ್ಸ್‌ರೇಯಲ್ಲಿ ಮೂಳೆ ಕೂಡಿದೆ ಅನ್ನುವುದೂ ನಿಜ, ನಿಮ್ಮ ನೋವೂ ನಿಜ. ಮಣಿಕಟ್ಟು ಮುರಿದ ಮೇಲೆ ಇದು ಬರುವುದು ನಮಗೆ ಹೊಸದಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ.

ಗಾಂಧಾರಿ ಮೆಣಸಿನ ಮಾತು ಹೇಳಿದಿರಲ್ಲ, ಅದು ಬರೀ ಹೋಲಿಕೆ ಅಲ್ಲ. ನಮ್ಮ ನರದ ತುದಿಯಲ್ಲಿ ಬಾಗಿಲಿನ ಥರದ ಒಂದು ಪ್ರೋಟೀನ್ ಇದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಿದಾಗ ಅದು ತೆರೆಯುತ್ತದೆ, ಸುಡುತ್ತಿದೆ ಅಂತ ಸುದ್ದಿ ಹೋಗುತ್ತದೆ. ಮೆಣಸಿನ ಖಾರವೂ ಅದೇ ಬಾಗಿಲು ತೆಗೆಯುತ್ತದೆ, ಅದಕ್ಕೇ ಬೆಂಕಿ ಇಲ್ಲದೆ ಉರಿಯುವುದು. ಇದನ್ನು 1997ರಲ್ಲಿ ಕಂಡುಕೊಂಡವರು ಡೇವಿಡ್ ಜೂಲಿಯಸ್ ಮತ್ತು ಅವರ ಜೊತೆಯವರು. 2021ರ ವೈದ್ಯಕೀಯ ನೊಬೆಲ್ ಅವರಿಗೂ, ಒತ್ತುವುದನ್ನು ಗ್ರಹಿಸುವ ಬಾಗಿಲು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅವರಿಗೂ ಒಟ್ಟಿಗೆ ಬಂತು. ಪೆಟ್ಟು ಬಿದ್ದು ಉರಿಯೂತ ಇರುವ ಜಾಗದಲ್ಲಿ ಈ ಬಾಗಿಲು ಕಮ್ಮಿ ಬಿಸಿಗೇ ತೆರೆದುಬಿಡುತ್ತದೆ. ಆಮೇಲೆ ಬೆನ್ನುಹುರಿ, ಮಿದುಳು ಆ ಸುದ್ದಿಯನ್ನು ಇನ್ನೂ ದೊಡ್ಡದು ಮಾಡುತ್ತವೆ. ಚಾದರ ತಾಗಿದ್ದು ಕೂಡ ನೋವು ಅಂತ ಓದಿಕೊಳ್ಳುತ್ತವೆ. ಇದಕ್ಕೆ ಆಲೊಡೀನಿಯ ಅಂತ ಹೆಸರು. ನೀವು ನಾಟಕ ಮಾಡುತ್ತಿಲ್ಲ ಅಂತ ಮನೆಯವರಿಗೆ ಈ ಭಾಗ ಓದಿ ಹೇಳಿ.

ಈಗ ನಿಮಗೆ ಇಷ್ಟವಾಗದ ಮಾತು. ಶಾಲು ಸುತ್ತಿ ಎದೆಗೆ ಇಟ್ಟುಕೊಂಡಿರುವುದೇ ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು. ನೆಮ್ಮದಿ ಸಿಗುತ್ತದೆ, ಒಪ್ಪುತ್ತೇನೆ. ಆದರೆ ಏನೂ ತಾಗದೆ ಬಚ್ಚಿಟ್ಟಷ್ಟೂ ಆ ಕೈ ಸ್ಪರ್ಶ ಮರೆಯುತ್ತದೆ, ಬೆರಳು ಬಿಗಿಯುತ್ತದೆ, ನಾಳೆ ಗಾಳಿ ಇನ್ನೂ ಜೋರಾಗಿ ತಾಗುತ್ತದೆ. ಗಟ್ಟಿ ತಿಕ್ಕುವುದು ಎಷ್ಟು ತಪ್ಪೋ ಪೂರ್ತಿ ಮುಚ್ಚಿಡುವುದೂ ಅಷ್ಟೇ ತಪ್ಪು. ಇವೆರಡರ ನಡುವೆ ನೀವೇ, ನಿಮ್ಮ ಬಲಗೈಯಿಂದ, ದಿನಾ ಸ್ವಲ್ಪ ಸ್ವಲ್ಪ ಮುಟ್ಟಿಕೊಳ್ಳಬೇಕು. ಬೇರೆಯವರು ಅಲ್ಲ.

ಮನೆಯಲ್ಲೇ ಶುರು ಮಾಡಬಹುದು. ಹತ್ತಿ, ಹಳೆ ರೇಷ್ಮೆ ಸೀರೆಯ ತುಂಡು, ಟವೆಲ್ ಇಟ್ಟುಕೊಳ್ಳಿ. ಮೊಣಕೈ ಹತ್ತಿರ ಸ್ಪರ್ಶ ಸರಿಯಾಗಿ ಗೊತ್ತಾಗುವ ಜಾಗದಿಂದ ಶುರು ಮಾಡಿ, ರೇಷ್ಮೆಯಿಂದ ನಿಧಾನ ಕೆಳಗೆ ಬನ್ನಿ. ಕೈಯನ್ನು ನೋಡುತ್ತಾ ಮಾಡಿ. ಎರಡು ನಿಮಿಷ ಸಾಕು, ಆದರೆ ದಿನಕ್ಕೆ ನಾಲ್ಕೈದು ಸಲ. ನೋವು ಸ್ವಲ್ಪ ಏರುತ್ತದೆ, ಅರ್ಧ ಗಂಟೆಯಲ್ಲಿ ಮೊದಲಿನಷ್ಟಕ್ಕೆ ಇಳಿಯಬೇಕು. ಮರುದಿನದ ತನಕ ಉಳಿದರೆ ಜಾಸ್ತಿ ಆಯಿತು ಅಂತ ಅರ್ಥ, ಮರುದಿನ ಅರ್ಧ ಮಾಡಿ. ಕೆಲವು ವಾರ ಆದ ಮೇಲೆ ಒಂದು ಪಾತ್ರೆಯಲ್ಲಿ ಅಕ್ಕಿ ಹಾಕಿ ಅದರಲ್ಲಿ ಬೆರಳು ಆಡಿಸಿ. ಆಮೇಲೆ ಒಣಗಿದ ಕಾಫಿ ಬೀಜ. ಕರಿಮೆಣಸು ಕೊನೆಗೆ, ಅದು ಒರಟು.

ಕನ್ನಡಿಯಿಂದಲೂ ಒಂದು ಅಭ್ಯಾಸ ಇದೆ. ಮೇಜಿನ ಮೇಲೆ ಎದೆಯ ನಡುವಿನ ನೇರಕ್ಕೆ, ಎರಡು ಕೈಗಳ ನಡುವೆ ಕನ್ನಡಿ ನಿಲ್ಲಿಸಿ, ನೋವಿನ ಕೈ ಕನ್ನಡಿಯ ಹಿಂದೆ ಇಟ್ಟು, ಒಳ್ಳೆ ಕೈಯ ಬಿಂಬ ನೋಡುತ್ತಾ ಒಳ್ಳೆ ಕೈಯನ್ನು ಆಡಿಸುವುದು. ಕೈ ಕಳೆದುಕೊಂಡವರಿಗೆ, ಇಲ್ಲದ ಕೈಯಲ್ಲಿ ನೋವು ಬರುತ್ತದಲ್ಲ, ಅದಕ್ಕೆ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಅವರು 1990ರ ದಶಕದಲ್ಲಿ ಶುರು ಮಾಡಿದ್ದು. ಇದನ್ನು ಮಾತ್ರ ಒಬ್ಬರು ಫಿಸಿಯೋ ಹತ್ತಿರ ಒಮ್ಮೆ ಕಲಿತು ಮಾಡಿ, ಕೆಲವರಿಗೆ ಶುರುವಿನಲ್ಲೇ ನೋವು ಏರುತ್ತದೆ. ವಾರಕ್ಕೆ ಮೂರು ಸಲ ಬರಲು ಆಗದಿದ್ದರೆ ತಿಂಗಳಿಗೆ ಒಂದು ಸಲ ಬರುತ್ತೇನೆ, ಮನೆಯಲ್ಲಿ ಮಾಡುವುದು ಹೇಳಿಕೊಡಿ ಅಂತ ಕೇಳಿ. ತುಂಬಾ ಜನ ಒಪ್ಪುತ್ತಾರೆ.

ಜೀವನಪೂರ್ತಿ ಇರುತ್ತದಾ ಅಂದಿರಿ. ತುಂಬಾ ಜನರಿಗೆ ಮೊದಲ ಒಂದೆರಡು ವರ್ಷದಲ್ಲಿ ಇಳಿಯುತ್ತದೆ. ಕೆಲವರಿಗೆ ಉಳಿಯುತ್ತದೆ, ಸುಳ್ಳು ಹೇಳುವುದಿಲ್ಲ. ಗುಳಿಗೆಯಿಂದ ಸಾಲದಿದ್ದರೆ ಕುತ್ತಿಗೆಯ ಹತ್ತಿರ ನರಕ್ಕೆ ಇಂಜೆಕ್ಷನ್ ಕೊಡುವ ಚಿಕಿತ್ಸೆಯೂ ಇದೆ, ಅದನ್ನು ನೋವಿನ ಕ್ಲಿನಿಕ್‌ಗಳಲ್ಲಿ ಮಾಡುತ್ತಾರೆ. ಹೆಚ್ಚಾಗಿ ಅನಸ್ತೇಷಿಯಾ ಡಾಕ್ಟರ್‌ಗಳೇ ಅಲ್ಲಿರುವುದು. ಮೈಸೂರಿನ ಡಾಕ್ಟರನ್ನು ಕೇಳಿ ನೋಡಿ. ಜ್ವರ ಬಂದು ಕೈ ಕೆಂಪಾಗಿ ಮೇಲಕ್ಕೆ ಏರುತ್ತಿದ್ದರೆ ಮಾತ್ರ ಇದೇ ಕಾಯಿಲೆ ಅಂತ ಸುಮ್ಮನೆ ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.


ವಿರಾಜಪೇಟೆ ಟೀಚರ್
ಮೇ 27

ನನ್ನದು ಬೇರೆ ಕಾಯಿಲೆ, ಫೈಬ್ರೊಮಯಾಲ್ಜಿಯ. ಮೈಯೆಲ್ಲ ನೋವು, ಹನ್ನೊಂದು ವರ್ಷ ಆಯಿತು. ಆದರೆ ಮುಟ್ಟುವ ವಿಷಯ ಬಂದಾಗ ನಮ್ಮ ಕಥೆ ಒಂದೇ, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಮನೆಯಲ್ಲಿ ಇಟ್ಟ ಹೆಸರು ಮುಟ್ಟಿದರೆ ಮುನಿ. ತಮಾಷೆಗೆ ಹೇಳುತ್ತಿದ್ದರು. ನನಗೆ ಅದು ಎಷ್ಟು ನೋವು ಮಾಡಿತು ಅಂದರೆ ನಾಲ್ಕು ವರ್ಷ ಯಾರ ಮದುವೆಗೂ ಹೋಗಲಿಲ್ಲ. ಸೀರೆ ಕಟ್ಟಿದ ಸೊಂಟದ ಜಾಗ, ರವಿಕೆ ತೋಳಿನ ಅಂಚು, ಯಾರಾದರೂ ಪ್ರೀತಿಯಿಂದ ಬೆನ್ನಿಗೆ ತಟ್ಟಿದ್ದು, ಎಲ್ಲ ಪೆಟ್ಟು ಬಿದ್ದ ಹಾಗೆ. ನಮ್ಮ ಕಡೆ ಪ್ರೀತಿ ತೋರಿಸುವುದೇ ಕೈಯಿಂದ ಅಲ್ವಾ.

ಗೃಹಪ್ರವೇಶಕ್ಕೆ ಹೋಗಿ. ನಾನು ಮಾಡುವುದು ಹೇಳುತ್ತೇನೆ. ಹಿಂದಿನ ದಿನವೇ ಮನೆಯ ಒಬ್ಬರಿಗೆ ಫೋನ್ ಮಾಡಿ, ನಿಮಗಾದರೆ ಅತ್ತಿಗೆಗೆ, ಎಲ್ಲ ಹೇಳಿಬಿಡಿ. ಅವತ್ತು ಅವರು ನಿಮ್ಮ ಎಡಗಡೆ ಇರಲಿ. ಕೂರುವಾಗ ಎಡಗಡೆ ಗೋಡೆ ಬರುವ ಹಾಗೆ ಕೂತುಕೊಳ್ಳಿ. ಹಿರಿಯರ ಕಾಲಿಗೆ ನಮಸ್ಕಾರ ಮಾಡಲು ಬಲಗೈ ಒಂದು ಸಾಕು. ಅವರು ಕೈ ಹಿಡಿಯಲು ಬರುವ ಮೊದಲೇ ನೀವೇ ಬಲಗೈ ಮುಂದೆ ಮಾಡಿ, "ಎಡಗೈ ಇನ್ನೂ ವಾಸಿ ಆಗಿಲ್ಲ ಅಜ್ಜಿ, ಇದು ಹಿಡಿಯಿರಿ" ಅನ್ನಿ. ಉದ್ದ ವಿವರಣೆ ಬೇಡ. ವಾಸಿ ಆಗಿಲ್ಲ ಅನ್ನುವ ಒಂದು ಮಾತು ಎಲ್ಲರಿಗೂ ಅರ್ಥ ಆಗುತ್ತದೆ. ಜನಸಂದಣಿ ಇರುವ ಒಂದೆರಡು ಗಂಟೆ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿ ಅದರಲ್ಲಿ ಕೈ ಇಟ್ಟುಕೊಂಡರೆ ನೋಡಿದವರು ತಾವೇ ದೂರ ಸರಿಯುತ್ತಾರೆ. ಫಿಸಿಯೋ ಮೇಡಂ ಬೈಯಬೇಡಿ, ಮನೆಗೆ ಬಂದ ಕೂಡಲೇ ಬಿಚ್ಚಲಿ.

ಒಂದು ವಿಷಯ ಕೇಳಬೇಕಿತ್ತು. ಸಕ್ಕರೆ, ಥೈರಾಯ್ಡ್, ಬಿ12 ನೋಡಿಸಿದ್ದೀರಾ? ಸಕ್ಕರೆ ಕಾಯಿಲೆಯಲ್ಲೂ ಬಿ12 ಕಮ್ಮಿ ಇದ್ದರೂ ನರ ಉರಿಯುತ್ತದೆ. ನಿಮ್ಮದು ಒಂದೇ ಕೈ, ಬಹುಶಃ ಅದಲ್ಲ, ಆದರೂ ಇದನ್ನು ಓದುವ ಬೇರೆಯವರು, ಎರಡೂ ಪಾದ ಉರಿಯುವವರು, ಮೊದಲು ಆ ಪರೀಕ್ಷೆ ಮಾಡಿಸಿ.

ನನಗೆ ಅಮಿಟ್ರಿಪ್ಟಿಲಿನ್ ಕೊಟ್ಟಾಗ ಅಂಗಡಿಯಲ್ಲಿ, ಇದು ಡಿಪ್ರೆಶನ್ ಗುಳಿಗೆ ಅಂದರು. ಮನೆಯವರು ನಿಲ್ಲಿಸಿಬಿಟ್ಟರು. ನರದ ನೋವಿಗೆ ಅದನ್ನೇ ಕಮ್ಮಿ ಡೋಸ್‌ನಲ್ಲಿ ಕೊಡುತ್ತಾರೆ ಅಂತ ಯಾರೂ ಹೇಳಿರಲಿಲ್ಲ. ನಿಮಗೂ ಮುಂದೆ ಕೊಟ್ಟರೆ ಹೆದರಬೇಡಿ. ಹಾಗೇ, ರಾತ್ರಿ ನೋವಿಗಿಂತ ಯೋಚನೆ ಜಾಸ್ತಿ ಆಗುವ ಹೊತ್ತು ಇರುತ್ತದೆ, ನನಗೆ ಗೊತ್ತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರಿಗೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮಾತಾಡಿದರೆ ನೋವು ಮನಸ್ಸಿನದ್ದು ಅಂತ ಒಪ್ಪಿಕೊಂಡ ಹಾಗೆ ಅಲ್ಲ.


ನಾಪೋಕ್ಲು ಕಡೆಯವಳು
ಮೇ 27

ಎಲ್ಲರಿಗೂ ಕೈ ಮುಗಿಯುತ್ತೇನೆ. ಫಿಸಿಯೋ ಮೇಡಂ ಬರೆದದ್ದು ಅತ್ತೆಗೆ ಓದಿ ಹೇಳಿದೆ. ಮೆಣಸಿನ ಜಾಗ ಬಂದಾಗ ಇನ್ನೊಂದು ಸಲ ಓದು ಅಂದರು. ಶಾಲು ಇವತ್ತು ಎರಡು ಗಂಟೆ ತೆಗೆದಿಟ್ಟೆ. ತುಂಬಾ ಉರಿಯಿತು. ನಾಳೆ ಮತ್ತೆ ನೋಡುತ್ತೇನೆ.


ನಾಪೋಕ್ಲು ಕಡೆಯವಳು
ಆಗಸ್ಟ್ 9

ತುಂಬಾ ದಿನ ಆಯಿತು. ನಡುವೆ ಹನ್ನೊಂದು ದಿನ ಕರೆಂಟೇ ಇರಲಿಲ್ಲ, ನೆಟ್‌ವರ್ಕ್ ಕೂಡ ಇಲ್ಲ. ಗುಳಿಗೆ ತಂದಿಟ್ಟುಕೊಂಡಿದ್ದು ದೊಡ್ಡ ಉಪಕಾರ ಆಯಿತು ರೈಟರ್ ಅಣ್ಣ, ಇಲ್ಲದಿದ್ದರೆ ಆ ನೀರಿನಲ್ಲಿ ಯಾರೂ ಪೇಟೆಗೆ ಹೋಗುವ ಹಾಗಿರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಕೇಳಿದ್ದಕ್ಕೆ ಬೆಳಗಿನ ಡೋಸ್ ಕಮ್ಮಿ ಮಾಡಿ ರಾತ್ರಿಗೆ ಹಾಕಿದರು. ಹಗಲು ತೂಕಡಿಕೆ ಅರ್ಧ ಇಳಿದಿದೆ.

ಮಡಿಕೇರಿಯಲ್ಲಿ ಒಬ್ಬರು ಫಿಸಿಯೋ ತಿಂಗಳಿಗೆ ಒಂದು ಸಲ ಬನ್ನಿ ಅಂದಿದ್ದಾರೆ. ರೇಷ್ಮೆ ಆಯಿತು, ಟವೆಲ್ ಆಯಿತು. ಟವೆಲ್‌ಗೆ ಮೂರು ವಾರ ಹಿಡಿಯಿತು. ಜುಲೈ ಕೊನೆಗೆ ಅಕ್ಕಿ ಪಾತ್ರೆಗೆ ಬಂದೆ. ಮೊದಲ ದಿನ ಕಿರುಬೆರಳು ಇಟ್ಟು ತೆಗೆದುಬಿಟ್ಟೆ, ಒಂದೊಂದು ಕಾಳೂ ಬೇರೆ ಬೇರೆಯಾಗಿ ಚುಚ್ಚಿತು. ಈಗ ಮಣಿಕಟ್ಟಿನ ತನಕ ಇಟ್ಟು ನಿಧಾನ ಮುಷ್ಟಿ ಹಿಡಿಯುತ್ತೇನೆ. ಮುಷ್ಟಿ ಪೂರ್ತಿ ಆಗುವುದಿಲ್ಲ, ನಡುಬೆರಳು ಅಂಗೈಗೆ ಒಂದು ಇಂಚು ಬಾಕಿ ಇದೆ.

ಹೋದ ವಾರ ಕಕ್ಕಡ ಹದಿನೆಂಟು. ಅತ್ತೆ ಮದ್ದು ಸೊಪ್ಪು ತಂದು ಬೇಯಿಸಿ, ಆ ನೇರಳೆ ನೀರಿನಲ್ಲಿ ಪಾಯಸ ಮಾಡಿದರು. ಅಕ್ಕಿ ತೊಳೆಯುತ್ತೇನೆ ಅಂತ ನಾನೇ ಕೇಳಿದೆ. ಹಂಡೆಯಿಂದ ಉಗುರುಬೆಚ್ಚಗಿನ ನೀರು ತಂದುಕೊಟ್ಟರು. ಎರಡು ಸಲ ಎಡಗೈಯಲ್ಲೇ ಕಲಸಿ ತೊಳೆದೆ, ಮೂರನೇ ಸಲ ನೀರು ಆರಿತ್ತು, ಆಗಲಿಲ್ಲ. ಅವರು ಮಾತಿಲ್ಲದೆ ಪಾತ್ರೆ ತೆಗೆದುಕೊಂಡು ಉಳಿದದ್ದು ತಾವೇ ತೊಳೆದರು. ಈಗ ಕಾಫಿ ಕೂಡ ಕೈಗೆ ಕೊಡುವುದಿಲ್ಲ, ಲೋಟಕ್ಕೆ ಬಟ್ಟೆ ಸುತ್ತಿ ಕಟ್ಟೆ ಮೇಲೆ ಇಟ್ಟು, ಇಲ್ಲಿದೆ ನೋಡು ಅಂತ ಹೇಳಿ ಹೋಗುತ್ತಾರೆ.

ನೋವು ಹೋಗಿಲ್ಲ. ಮೂರು ದಿನ ಚೆನ್ನಾಗಿದ್ದರೆ ಒಂದು ದಿನ ಎಲ್ಲ ಮೊದಲಿನ ಹಾಗೆ. ಗೃಹಪ್ರವೇಶದಲ್ಲಿ ಒಬ್ಬರು ಹಿಂದಿನಿಂದ ಬಂದು ಹಿಡಿದೇಬಿಟ್ಟರು, ಅಲ್ಲೇ ಕೂತು ಅತ್ತುಬಿಟ್ಟೆ ಟೀಚರ್. ಆದರೆ ಊಟ ಮಾಡಿಯೇ ಬಂದೆ. ರಾತ್ರಿಗೆ ಬುಟ್ಟಿ ಇದೆ.

ಇನ್ನೊಂದು ಕೇಳಬೇಕು. ಡಿಸೆಂಬರ್‌ಗೆ ಅರೇಬಿಕಾ ಕೊಯ್ಲು ಶುರುವಾಗುತ್ತದೆ. ನಮ್ಮದು ಎರಡೇ ಎಕರೆ, ಆಳು ಸಿಗುವುದು ಕಷ್ಟ. ಬಲಗೈಯಲ್ಲಿ ಕೊಯ್ದು ಎಡಗೈಯಲ್ಲಿ ಬರೀ ಕೊಂಬೆ ಬಗ್ಗಿಸಿ ಹಿಡಿಯಲು ಆಗಬಹುದಾ? ಬೆಳಗಿನ ಮಂಜಿಗೆ ಎಲೆಯೆಲ್ಲ ಒದ್ದೆ ಇರುತ್ತದೆ. ಎಂಥ ಗ್ಲೌಸ್ ಹಾಕಿದರೆ ಥಂಡಿ ಒಳಗೆ ಬರುವುದಿಲ್ಲ, ಚರ್ಮಕ್ಕೂ ಒತ್ತುವುದಿಲ್ಲ? ರೈಟರ್ ಅಣ್ಣ, ನೀವು ತೋಟದಲ್ಲೇ ಇರುವವರು, ನೋಡಿದ್ದರೆ ಹೇಳಿ.


ತೋಟದ ರೈಟರ್
ಆಗಸ್ಟ್ 10

ಅಕ್ಕಾ, ರಬ್ಬರ್ ಗ್ಲೌಸ್ ಬೇಡ, ಒಳಗೆ ಬೆವರಿ ಆಮೇಲೆ ಅದೇ ಥಂಡಿ ಆಗುತ್ತದೆ. ಹಳೆ ಬನಿಯನ್ ಬಟ್ಟೆಯಲ್ಲಿ ಸಡಿಲವಾಗಿ ಒಂದು ಚೀಲ ಹೊಲಿಸಿ, ಹೊಲಿಗೆ ಹೊರಗೆ ಬರಲಿ, ಅದರ ಮೇಲೆ ಒಂದು ಸೈಜ್ ದೊಡ್ಡ ಗ್ಲೌಸ್ ಹಾಕಿ ನೋಡಿ. ಹತ್ತು ಗಂಟೆಗೆ ಬಿಸಿಲು ಬಂದು ಎಲೆ ಆರಿದ ಮೇಲೆ ಇಳಿಯಿರಿ, ಮೊದಲ ದಿನ ಒಂದೇ ಗಿಡ. ಇನ್ನೂ ನಾಲ್ಕು ತಿಂಗಳು ಇದೆ. ಅಕ್ಕಿ ಆದ ಮೇಲೆ ಕಾಫಿ ಬೀಜಕ್ಕೆ ಹೋಗಿ ಅಂದಿದ್ದಾರಲ್ಲ ಮೇಡಂ, ಅಲ್ಲಿಗೆ ಬಂದಾಗ ಬರೆಯಿರಿ. ಕೊಂಬೆ ಬಗ್ಗಿಸುವ ವಿಷಯ ಮಡಿಕೇರಿಯ ಫಿಸಿಯೋ ಹತ್ತಿರ ಒಂದು ಸಣ್ಣ ಕಾಫಿ ಕೊಂಬೆ ತೆಗೆದುಕೊಂಡು ಹೋಗಿ ತೋರಿಸಿಯೇ ಕೇಳಿ.